ಬೈದ ಸಾಲನ್ನೇ ಪೋಸ್ಟರ್‌ಗೆ ಹಾಕಿದೆವು

ವಿಮರ್ಶಕರು ಬೈದರೆ ನಟ ಬಾಯಿ ತೆರೆಯಬಾರದು ಅನ್ನುವುದು ನಮ್ಮ ತಂಡದ ಹಿರಿಯರ ಕಟ್ಟಪ್ಪಣೆ. ತೆರೆಯಬೇಕು, ಎಲ್ಲರ ಎದುರೇ ತೆರೆಯಬೇಕು ಅನ್ನುವುದು ನನ್ನ ಹಟ. ಆದರೆ ಯಾವಾಗ, ಎಲ್ಲಿ ಕೂತು ಅನ್ನುವುದು ಮುಖ್ಯ. ನಾನು ಮಾಡಿದ್ದು ಕೊನೆಗೂ ಕೆಲಸ ಮಾಡಿತು. ಈಗ ಬೇರೆ ತಂಡದವರೂ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹವ್ಯಾಸಿ ತಂಡಗಳ ಪಾಡು ನಿಮಗೆ ಗೊತ್ತೇ ಇದೆ. ವಾರದ ಕೊನೆಗೆ ಒಂದೆರಡು ಶೋ, ಆಮೇಲೆ ಸೆಟ್ ಗೋಡೌನ್‌ಗೆ. ಪೇಪರ್‌ನಲ್ಲಿ ವಿಮರ್ಶೆ ಬರುವುದು ಅದಾದ ಮೇಲೆ. ಆದ್ದರಿಂದ ಪೆಟ್ಟು ಬೀಳುವುದು ಮುಂದಿನ ಬುಕಿಂಗ್‌ಗೆ. ನಮಗೂ ಹಾಗೇ ಆಯಿತು. ತಂದೆಯ ಪಾತ್ರ ನನ್ನದು. 'ಮುಖ್ಯ ನಟ ಎದುರಿನವರ ಮಾತು ಮುಗಿಯಲಿ ಅಂತ ಕಾಯುತ್ತಾರೆ, ಕೇಳಿಸಿಕೊಳ್ಳುವುದಿಲ್ಲ' ಅಂತ ವಿಮರ್ಶಕರೊಬ್ಬರು ಬರೆದರು. ಅದೇ ವಾರ ಒಂದು ಕಾಲೇಜಿನವರು ಶೋ ಬೇಡ ಅಂದರು. ಬರಬೇಕಿದ್ದ 30 ಸಾವಿರ ಹೋಯಿತು. ಹಾಲ್ ಬಾಡಿಗೆ, ಲೈಟು, ಟೆಂಪೊ, ಮೇಕಪ್, ಊಟ ಸೇರಿ ನಮ್ಮ ಒಂದು ಶೋಗೆ ಹತ್ತಿರ ಹತ್ತಿರ 40 ಸಾವಿರ ಬೀಳುತ್ತದೆ. ಲೆಕ್ಕ ನೀವೇ ಹಾಕಿ.

ನಮ್ಮ ಹುಡುಗನೊಬ್ಬ ಫೇಸ್‌ಬುಕ್‌ನಲ್ಲಿ ಉದ್ದದ ಉತ್ತರ ಬರೆದ. ಕಾಮೆಂಟುಗಳು ಸುರಿದವು. ವಿಮರ್ಶಕರ ವಯಸ್ಸು, ಜಾತಿ, ಪತ್ರಿಕೆ ಎಲ್ಲ ಚರ್ಚೆಯಾಯಿತು. ನಾಟಕದ ಬಗ್ಗೆ ಮಾತ್ರ ಒಂದು ಸಾಲಿಲ್ಲ, ಒಂದು ಟಿಕೆಟ್ಟೂ ಜಾಸ್ತಿ ಹೋಗಲಿಲ್ಲ. ಸಂಪಾದಕರಿಗೆ ಬರೆದ ಪತ್ರ ನಾಲ್ಕು ಸಾಲಾಗಿ ಅಚ್ಚಾಯಿತು, ಅದೂ ಎಲ್ಲರೂ ಮರೆತ ಮೇಲೆ. 1973ರಲ್ಲಿ ನ್ಯೂಯಾರ್ಕ್‌ನಲ್ಲಿ ಸಿಲ್ವಿಯಾ ಮೈಲ್ಸ್ ಅನ್ನುವ ನಟಿ ಜಾನ್ ಸೈಮನ್ ಅನ್ನುವ ವಿಮರ್ಶಕರ ಮೇಲೆ ತಟ್ಟೆಯಲ್ಲಿದ್ದ ಊಟವನ್ನೇ ಸುರಿದರು. ಜನರ ನೆನಪಲ್ಲಿ ಉಳಿದಿರುವುದು ಆ ತಟ್ಟೆ. ಆಕೆ ಆಗ ಯಾವ ನಾಟಕ ಮಾಡಿದ್ದರು ಅಂತ ಯಾರನ್ನಾದರೂ ಕೇಳಿ ನೋಡಿ.

ನನಗೆ ದಾರಿ ಹೊಳೆದದ್ದು ಹೆಗ್ಗೋಡಿನಿಂದ. ಅಲ್ಲಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಮರುದಿನ ಬೆಳಗ್ಗೆ ಕೂತು ಬಿಚ್ಚುತ್ತಿದ್ದರಲ್ಲ, ಅದು. ಕಂಪನಿ ನಾಟಕದ ಕಾಲದಲ್ಲಂತೂ ಮರುದಿನದವರೆಗೂ ಕಾಯಬೇಕಿರಲಿಲ್ಲ. ಹಾಡು ಹಿಡಿಸಿದರೆ ಅಲ್ಲೇ 'ಒನ್ಸ್ ಮೋರ್', ಹಿಡಿಸದಿದ್ದರೆ ಅಲ್ಲೇ ಶಿಳ್ಳೆ.

ಮುಂದಿನ ಶೋ ಪೋಸ್ಟರ್‌ನಲ್ಲಿ ಆ ಬೈದ ಸಾಲನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆವು. ಕೆಳಗೆ, 'ನೋಡಿ, ನೀವೇ ಹೇಳಿ. ನಾಟಕದ ನಂತರ ಅರ್ಧ ಗಂಟೆ ಮಾತುಕತೆ'. ವಿಮರ್ಶಕರ ಹೆಸರು ಹಾಕಲಿಲ್ಲ. "ಲೇ, ಉಣ್ಣೋ ಎಲೆಗೆ ನಾವೇ ಕಲ್ಲು ಬಡಿಸ್ಕೋತೀವೇನೋ?" ಅಂತ ನಮ್ಮ ಹಿರಿಯರು ರೇಗಿದರು. ಅರ್ಧ ತಂಡ ಅವರ ಕಡೆ.

ಮೊದಲ ಸಲ ಕೆಟ್ಟದಾಗಿಯೇ ಹೋಯಿತು. ಕೊನೆಯ ಮೆಟ್ರೊ ತಪ್ಪುತ್ತದೆ ಅಂತ ಜನ ಎದ್ದರು. ಮಾತುಕತೆ ನಡೆಸಲು ಕರೆದಿದ್ದ ಮೇಷ್ಟ್ರು ತಾವೇ ಇಪ್ಪತ್ತು ನಿಮಿಷ ಮಾತಾಡಿದರು. ಹಾಲ್‌ನವರು ಹೊತ್ತು ಮೀರಿತು ಅಂತ 3 ಸಾವಿರ ಜಾಸ್ತಿ ಕಿತ್ತರು. ಹಿರಿಯರು ಏನೂ ಅನ್ನಲಿಲ್ಲ, ನಕ್ಕರು. ಅದು ಇನ್ನೂ ಕಷ್ಟ.

ಆಮೇಲೆ ಬದಲಾಯಿಸಿದ್ದು ಇಷ್ಟು. ಮಾತುಕತೆಯನ್ನು ಭಾನುವಾರ ಮಧ್ಯಾಹ್ನದ ಶೋ ನಂತರ ಇಟ್ಟೆವು. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಮೂರೂವರೆ ಶೋ ಇದ್ದರೆ ಜನಕ್ಕೆ ಮನೆಗೆ ಹೋಗುವ ಅವಸರವಿಲ್ಲ. ಅಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿ ನಾಟಕ ಶುರು ಮಾಡುವುದರಿಂದ ಮುಗಿಯುವುದೂ ಹೊತ್ತಿಗೇ. ಸೆಟ್ ಹುಡುಗರು ಮಾತ್ರ ಗೊಣಗುತ್ತಾರೆ, ಏಳೂವರೆಗೆ ಮತ್ತೆ ಎಲ್ಲ ಜೋಡಿಸಬೇಕಲ್ಲ. ಮೇಷ್ಟ್ರ ಬದಲು ನಮ್ಮ ಲೈಟಿಂಗ್‌ನವನನ್ನೇ ಕೂರಿಸಿದೆ. ಅವನಿಗೆ ಮಾತು ಕಡಿಮೆ, ಜನ ಮಾತಾಡುತ್ತಾರೆ. ಮೊದಲ ಮೈಕ್ ನಾಟಕ ಹಿಡಿಸದವರಿಗೆ. ನಟ ಒಂದು ಪ್ರಶ್ನೆಗೆ ಮೂರು ವಾಕ್ಯ ಮೀರಬಾರದು, 'ಆದರೆ' ಅನ್ನಬಾರದು. ಈ ಕೊನೆಯದು ಭಾರೀ ಕಷ್ಟ, ನೀವೇ ಮಾಡಿ ನೋಡಿ.

ಯಾವ ಸಾಲು ಆರಿಸಬೇಕು, ಬೈದ ವಿಮರ್ಶಕರನ್ನೇ ಮತ್ತೆ ಕರೆತರುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಎದುರು ಸಿಕ್ಕರೆ, ಕಾಫಿ ಕೊಡಿಸಿದರೆ ನೋಡೋಣ.

ಇದರ ನಡುವೆ ಇನ್ನೊಂದು ಪ್ರಯೋಗ. ಕೇಳಿಸಿಕೊಳ್ಳಲ್ಲ ಅಂದರಲ್ಲ, ತಾಲೀಮಿನಲ್ಲಿ ಮಗಳ ಪಾತ್ರದವಳಿಗೆ ಹೇಳಿದೆ, ದಿನಾ ನಿನ್ನ ಒಂದು ಮಾತು ಬದಲಾಯಿಸು, ಯಾವುದು ಅಂತ ನನಗೆ ಹೇಳಬೇಡ. ಒಂದು ವಾರ, ನನ್ನ ಮಾತು ಯಾವಾಗ ಅನ್ನುವ ಕ್ಯೂ ತಪ್ಪಿ ಒದ್ದಾಡಿದೆ. ಆಮೇಲೆ ಕಿವಿ ತಾನೇ ತೆರೆಯಿತು. ಹಾಗಾಗಿ ಮಾತುಕತೆಯಲ್ಲಿ ಆ ಆರೋಪಕ್ಕೆ ನಾನು ವಾದ ಮಾಡಬೇಕಾಗಿಯೇ ಬರಲಿಲ್ಲ. ಈಗ ತಾನೇ ನೋಡಿದವರು ಎದುರಿಗೇ ಕೂತಿದ್ದರು. ನಾಟಕ ಶುರುವಾಗುವ ಮೊದಲು ವಿಮರ್ಶೆಯನ್ನು ಮೈಕ್‌ನಲ್ಲಿ ಓದಿಸಿಯೂ ನೋಡಿದೆ. ಜನ ತಪ್ಪು ಹುಡುಕುತ್ತಾ ಕೂತು, ನಗಬಾರದ ಕಡೆ ನಕ್ಕರು. ಅದನ್ನು ಕೈಬಿಟ್ಟೆ.

ಮೊದಲು 110 ಜನ ಬಂದರೆ ಹೆಚ್ಚು. ಪೋಸ್ಟರ್ ಆದ ಮೇಲೆ ಸುಮಾರು 230. ಟಿಕೆಟ್ 200 ರೂಪಾಯಿ, ಅಂದರೆ ಖರ್ಚು ಕಳೆದು ಐದಾರು ಸಾವಿರ ಉಳಿಯಿತು. ನಮ್ಮ ತಂಡದಲ್ಲಿ ಉಳಿತಾಯ ಅನ್ನುವುದು ಆಗಿದ್ದೇ ಅಪರೂಪ. ವಿಮರ್ಶಕರೂ ಬಂದಿದ್ದರು. "ಈಗ ಕೇಳಿಸಿಕೊಳ್ತಿದ್ದೀರಿ. ಎರಡನೇ ಅಂಕ ಇನ್ನೂ ಉದ್ದವೇ" ಅಂದರು. ಹೊಗಳಿ ಏನೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಮೈಬಣ್ಣ, ಜಾತಿ, ಮನೆ ವಿಚಾರ ಎತ್ತಿ ಬರೆದಿದ್ದರೆ ಈ ದಾರಿ ಬೇಡ. ಅದು ವಿಮರ್ಶೆಯೇ ಅಲ್ಲ. ಅದಕ್ಕೆ ತಂಡದ ಹೆಸರಲ್ಲಿ ಪತ್ರ ಹೋಗಲಿ, ನಟ ಒಬ್ಬನೇ ಮೈಮೇಲೆ ಹಾಕಿಕೊಳ್ಳುವುದು ಬೇಡ. ಇನ್ನು ಹೊಸ ಹುಡುಗರನ್ನು ಮೊದಲ ಸಲವೇ ಆ ಕುರ್ಚಿಯಲ್ಲಿ ಕೂರಿಸಬೇಡಿ. ಒಂದೆರಡು ಸಲ ಕೆಳಗೆ ಜನರ ಮಧ್ಯೆ ಕೂತು ಕೇಳಲಿ, ಆಮೇಲೆ ಮೇಲೆ ಬರಲಿ.