ಮಾದರಿ ರೈಲಿನ ಡಿಜಿಟಲ್ ನಿಯಂತ್ರಣ ಕೈಕೊಟ್ಟಾಗ, ಸದ್ದು ಅಡಗಿದಾಗ ಏನು ಮಾಡಬೇಕು?

ಮೈಸೂರಿನ ಅನೇಕ ಮನೆಗಳಲ್ಲಿ ದಸರಾ ಗೊಂಬೆಗಳ ಮೆಟ್ಟಿಲಿನ ಕೆಳಗೆ ಸಂತೆ, ಉದ್ಯಾನ, ಅರಮನೆಗಳನ್ನು ಜೋಡಿಸುವ ರೂಢಿಯಿದೆ. ಅವುಗಳ ಸುತ್ತ ಪುಟ್ಟ ರೈಲು ಓಡಿಸುವವರಲ್ಲಿ ನಾನೂ ಒಬ್ಬ. ವರ್ಷವಿಡೀ ಅಟ್ಟದ ಮೇಲಿದ್ದ ಹಳಿಗಳನ್ನು ಮಹಾಲಯ ಅಮಾವಾಸ್ಯೆಗೆ ಮೊದಲು ಕೆಳಗಿಳಿಸಿ ಜೋಡಿಸಿದಾಗ ಎಂಜಿನ್ ಒಮ್ಮೆಗೇ ಸರಿಯಾಗಿ ಓಡಿದ ವರ್ಷ ನನಗೆ ನೆನಪಿಲ್ಲ. ಆ ಆತುರದಲ್ಲಿ ಬಹುಮಂದಿ ಮೊದಲು ಮಾಡುವ ಕೆಲಸವೆಂದರೆ ಡಿಕೋಡರನ್ನು, ಅಂದರೆ ಎಂಜಿನ್ನಿನೊಳಗೆ ಕುಳಿತು ಕಂಟ್ರೋಲರಿನ ಆಜ್ಞೆ ಪಾಲಿಸುವ ಪುಟ್ಟ ವಿದ್ಯುನ್ಮಾನ ಹಲಗೆಯನ್ನು, ರೀಸೆಟ್ ಮಾಡುವುದು. ಅದು ಕೊನೆಗೆ ಮಾಡಬೇಕಾದ ಕೆಲಸ, ಏಕೆಂದರೆ ಡಿಜಿಟಲ್ ದೋಷವೆಂದು ಕಾಣುವುದರಲ್ಲಿ ಹೆಚ್ಚಿನ ಪಾಲು ಹಳಿಯದು, ಚಕ್ರದ್ದು ಅಥವಾ ತಂತಿಯದು.

ಡಿಸಿಸಿ ಎಂಬ ಈ ಡಿಜಿಟಲ್ ನಿಯಂತ್ರಣ ಪದ್ಧತಿಯಲ್ಲಿ ಹಳಿಯ ಮೇಲೆ ಸದಾಕಾಲ ಪೂರ್ಣ ವೋಲ್ಟೇಜ್ ಇರುತ್ತದೆ. ಎಚ್ಒ ಅಳತೆಯ (ನಿಜ ರೈಲಿನ 87ರಲ್ಲೊಂದು ಪಾಲಿನ) ರೈಲಿಗೆ ಅದು ಸುಮಾರು 14ರಿಂದ 16 ವೋಲ್ಟ್. ಆ ವಿದ್ಯುತ್ತಿನ ಧನ ಋಣಗಳು ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತವೆ. ಪ್ರತಿ ಅರ್ಧಭಾಗ 58 ಮೈಕ್ರೊಸೆಕೆಂಡ್ ಇದ್ದರೆ ಅದು ‘1’, ಸುಮಾರು 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘0’. ಎಂಜಿನ್ನಿನೊಳಗಿನ ಡಿಕೋಡರ್ ಅನ್ನವನ್ನೂ ಆಜ್ಞೆಯನ್ನೂ ಪಡೆಯುವುದು ಈ ಒಂದೇ ಹಳಿಯಿಂದ. ಆದ್ದರಿಂದ ಹಳಿಯ ವೋಲ್ಟೇಜಿಗೆ ತಕ್ಕಂತೆ ಓಡುವ ಹಳೆಯ ಡಿಸಿ ರೈಲನ್ನು ಕೇವಲ ನಿಧಾನಗೊಳಿಸುತ್ತಿದ್ದ ಕೊಳೆ ಇಲ್ಲಿ ಡಿಕೋಡರಿನ ಮೆದುಳನ್ನೇ ಕ್ಷಣಕಾಲ ಆರಿಸಿಬಿಡುತ್ತದೆ.

ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅದೇ ಜಾಗದಲ್ಲಿ ಬೇರೆ ಎಂಜಿನ್ ಓಡುತ್ತದೆಯೆ? ಅದೇ ಎಂಜಿನ್ ಬೇರೆ ಜಾಗದಲ್ಲಿ ಓಡುತ್ತದೆಯೆ? ಎಲ್ಲ ಎಂಜಿನ್ನುಗಳೂ ಒಂದೇ ಕಡೆ ಮುಗ್ಗರಿಸಿದರೆ ದೋಷ ಹಳಿಯದು. ಒಂದೇ ಎಂಜಿನ್ ಎಲ್ಲ ಕಡೆಯೂ ಮುಗ್ಗರಿಸಿದರೆ ದೋಷ ಎಂಜಿನ್ನಿನದು.

ಹಳಿಯ ಪರೀಕ್ಷೆಗೆ ಒಂದು ರೂಪಾಯಿಯ ನಾಣ್ಯ ಸಾಕು. ಎಚ್ಒ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ನಾಣ್ಯ ಅದಕ್ಕಿಂತ ಅಗಲವಾಗಿರುವುದರಿಂದ ಎರಡೂ ಹಳಿಗಳ ಮೇಲೆ ಚೆನ್ನಾಗಿ ಕೂರುತ್ತದೆ. ಎಂಜಿನ್ನುಗಳನ್ನೆಲ್ಲ ತೆಗೆದಿಟ್ಟು, ಪ್ರತಿ ಹಳಿತುಂಡಿನ ಮೇಲೂ ನಾಣ್ಯವನ್ನು ಒಂದು ಕ್ಷಣ ಒತ್ತಿ ಹಿಡಿಯಿರಿ. ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್ ತಟ್ಟನೆ ವಿದ್ಯುತ್ ಕಡಿದರೆ ಆ ಜಾಗದ ತಂತಿ ಸರಿಯಿದೆ ಎಂದರ್ಥ. ಕಡಿಯದೆ ತಡವರಿಸಿದರೆ ಕೂಡಲೇ ನಾಣ್ಯ ತೆಗೆಯಿರಿ. ಅಲ್ಲಿಗೆ ತಲುಪುವ ತಂತಿ ಸಣ್ಣದಾಗಿದೆ ಅಥವಾ ಹಳಿಯ ಜೋಡಣೆ ಸಡಿಲವಾಗಿದೆ, ನಿಜವಾದ ಶಾರ್ಟ್ ಆದ ದಿನ ಅಲ್ಲಿ ಪ್ಲಾಸ್ಟಿಕ್ ಕರಗಬಹುದು. ಹಳಿ ಕೂಡಿಸುವ ಲೋಹದ ಜಾಯಿನರುಗಳನ್ನು ವಿದ್ಯುತ್ ಸಾಗಿಸಲು ನಂಬಬಾರದು. ಮನೆಯ ವೈರಿಂಗಿಗೆ ಬಳಸುವ 1.5 ಅಥವಾ 2.5 ಚದರ ಮಿಲಿಮೀಟರಿನ ತಂತಿಯನ್ನು ಹಲಗೆಯ ಕೆಳಗೆ ಉದ್ದಕ್ಕೂ ಎಳೆದು, ಮೀಟರಿಗೊಂದರಂತೆ ಸಣ್ಣ ತಂತಿಗಳನ್ನು ಹಳಿಗೆ ಬೆಸುಗೆ ಹಾಕುವುದು ಖಾಯಂ ಪರಿಹಾರ.

ಗೊಂಬೆಯ ಮುಂದೆ ಒಂಬತ್ತು ದಿನ ಊದುಬತ್ತಿ ಹಚ್ಚುವ ಮನೆಯಲ್ಲಿ ಹೊಗೆಯ ಪದರ ಹಳಿಯ ಮೇಲೂ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿದರೆ ಅದು ಕರಿಮಸಿಯಂತೆ ಬಟ್ಟೆಗೆ ಬರುತ್ತದೆ. ಉರಿಯುವ ಬತ್ತಿ, ದೀಪಗಳ ಬಳಿ ಈ ಕೆಲಸ ಬೇಡ. ಮರಳುಕಾಗದ ಉಜ್ಜಬೇಡಿ, ಅದು ಮಾಡುವ ಗೀರುಗಳಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಚಕ್ರಗಳನ್ನು ಮರೆಯುವವರೇ ಹೆಚ್ಚು. ಒದ್ದೆ ಬಟ್ಟೆಯನ್ನು ಹಳಿಗೆ ಅಡ್ಡಲಾಗಿ ಹಾಸಿ, ಎಂಜಿನ್ನಿನ ಅರ್ಧ ಚಕ್ರಗಳು ಬಟ್ಟೆಯ ಮೇಲೆ, ಉಳಿದರ್ಧ ಬರಿ ಹಳಿಯ ಮೇಲೆ ಇರುವಂತೆ ಹಿಡಿದು ಓಡಿಸಿ, ಆಮೇಲೆ ತಿರುಗಿಸಿ ಹಿಡಿಯಿರಿ.

ಒಂದು ವರ್ಷ ನನ್ನ ಡೀಸೆಲ್ ಎಂಜಿನ್ ನೇರ ಹಳಿಯಲ್ಲಿ ಚೆನ್ನಾಗಿ ಓಡಿ, ತಿರುವು ಬಂದೊಡನೆ ಇಡೀ ಹಳಿಯ ವಿದ್ಯುತ್ತನ್ನೇ ಕಡಿಯುತ್ತಿತ್ತು. ತಿರುವಿನ ಹಳಿಯನ್ನು ಎರಡು ಬಾರಿ ಬಿಚ್ಚಿ ಕೂಡಿಸಿದೆ, ಡಿಕೋಡರನ್ನೂ ಅನುಮಾನಿಸಿದೆ. ಬೇರೊಂದು ಎಂಜಿನ್ನನ್ನು ಅದೇ ತಿರುವಿನಲ್ಲಿ ಓಡಿಸಿ ನೋಡಲು ತೋಚಿದ್ದು ಮೂರನೆಯ ಸಂಜೆ; ಅದು ನಿರಾತಂಕವಾಗಿ ಓಡಿತು. ಮೊದಲ ಎಂಜಿನ್ನನ್ನು ಮಗುಚಿ, ಅಡಿಯ ತಗಡನ್ನು ತೆಗೆದು, ಕನ್ನಡಿಯ ಗಾಜು ಹಿಡಿದು ನೋಡಿದಾಗ ಎರಡನೆಯ ಅಚ್ಚಿಗೆ ಕೂದಲೆಳೆಯಂಥ ಹೊಳೆಯುವ ದಾರ ನಾಲ್ಕೈದು ಸುತ್ತು ಸುತ್ತಿಕೊಂಡಿತ್ತು. ಪಟ್ಟದ ಗೊಂಬೆಯ ರೇಷ್ಮೆ ಸೀರೆಯ ಜರಿ! ಚಕ್ರವನ್ನು ಅಚ್ಚಿನಿಂದ ಬೇರ್ಪಡಿಸುವ ಪ್ಲಾಸ್ಟಿಕ್ ಬಳೆಯನ್ನು ದಾಟಿ ಅದು ಲೋಹಕ್ಕೆ ಲೋಹ ಸೇರಿಸಿತ್ತು. ತಿರುವಿನಲ್ಲಿ ಅಚ್ಚು ಪಕ್ಕಕ್ಕೆ ಸರಿದಾಗ ಮಾತ್ರ ತಗಲುತ್ತಿತ್ತು. ಚಿಮಟದಿಂದ ಬಿಡಿಸಿದ ಮೇಲೆ ಯಾವ ರೀಸೆಟ್ಟೂ ಬೇಕಾಗಲಿಲ್ಲ.

ಹಳಿ, ಚಕ್ರಗಳು ಸರಿಯಿದ್ದೂ ಎಂಜಿನ್ ಮಾತು ಕೇಳದಿದ್ದರೆ ಆಗ ಸಿವಿಗಳತ್ತ, ಅಂದರೆ ಡಿಕೋಡರಿನ ಹೊಂದಾಣಿಕೆಯ ಅಂಕಿಗಳತ್ತ, ತಿರುಗಬೇಕು. ಹೊಸ ಡಿಕೋಡರಿನ ವಿಳಾಸ, ಅಂದರೆ ಕಂಟ್ರೋಲರ್ ಅದನ್ನು ಕರೆಯುವ ಅಂಕಿ, 3. ಹಾರ್ನ್ ಕೂಗುತ್ತದೆ, ದೀಪ ಹತ್ತುತ್ತದೆ, ಆದರೆ ಎಂಜಿನ್ ಕದಲುವುದಿಲ್ಲ ಎಂದಾದರೆ ಸಿವಿ 19 ಓದಿ. ಹಿಂದೆ ಯಾವಾಗಲೋ ಜೋಡಿ ಎಂಜಿನ್ನಾಗಿ ಓಡಿಸಿದ್ದರ ವಿಳಾಸ ಅಲ್ಲಿ ಉಳಿದಿರುತ್ತದೆ. ಅದನ್ನು 0 ಮಾಡಿದರೆ ಎಂಜಿನ್ ಮತ್ತೆ ತನ್ನ ಸ್ವಂತ ವಿಳಾಸಕ್ಕೆ ಓಗೊಡುತ್ತದೆ. ವೇಗ ಹೆಚ್ಚಿಸಿದಂತೆ ಮುಂದೀಪ ಹತ್ತಿ ಆರುತ್ತಿದ್ದರೆ ವೇಗದ ಹಂತಗಳು ಹೊಂದುತ್ತಿಲ್ಲ: ಕಂಟ್ರೋಲರ್ 28 ಹಂತ ಕಳಿಸುತ್ತಿದ್ದರೆ ಡಿಕೋಡರ್ 14ರಲ್ಲಿದೆ. ಕರೆಂಟ್ ಹೋಗಿ ಬಂದಾಗ ಎಂಜಿನ್ ತಾನಾಗಿ ನುಗ್ಗುವ ತೊಂದರೆ ನಮ್ಮ ಕಡೆ ಹೆಚ್ಚು. ಅದಕ್ಕೆ ಕಾರಣ ಸಾಮಾನ್ಯವಾಗಿ ಸಿವಿ 29ರಲ್ಲಿ ಅನಲಾಗ್ (ಹಳೆಯ ಡಿಸಿ) ಓಟಕ್ಕಿರುವ ಅನುಮತಿ. ಆ ಸಿವಿಯ ಮೊತ್ತದಲ್ಲಿ ಅದರ ಪಾಲು 4. ಅಲ್ಲಿ 6 ಇದ್ದರೆ 2 ಮಾಡಿ, ನಾಲ್ಕಂಕಿಯ ವಿಳಾಸವಿದ್ದು 38 ಇದ್ದರೆ 34 ಮಾಡಿ.

ಸಿವಿಗಳನ್ನು ಓದಿ ಬರೆಯಲೆಂದೇ ಬೇರೆಯಾಗಿಟ್ಟ ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದಲಾಗದಿದ್ದರೆ ಡಿಕೋಡರ್ ಸತ್ತಿತೆಂದು ತಿಳಿಯಬೇಡಿ. ಆ ಹಳಿಯಲ್ಲಿ ವಿದ್ಯುತ್ತನ್ನು ಬೇಕೆಂದೇ ಮಿತಿಗೊಳಿಸಿರುತ್ತಾರೆ. ಡಿಕೋಡರ್ ಉತ್ತರ ಕೊಡುವುದು ಮೋಟಾರನ್ನು ಕ್ಷಣಮಾತ್ರ ಅಲುಗಿಸಿ, ಸುಮಾರು 60 ಮಿಲಿಆಂಪಿಯರ್ ಹೆಚ್ಚಿಗೆ ಎಳೆದು. ಸದ್ದಿನ ಡಿಕೋಡರುಗಳ ಕೆಪಾಸಿಟರುಗಳು ತುಂಬಿಕೊಳ್ಳುವ ಗದ್ದಲದಲ್ಲಿ ಆ ಉತ್ತರ ಕೇಳದೆ ಹೋಗುತ್ತದೆ. ವಿದ್ಯುತ್ ಕ್ಷಣಕಾಲ ತಪ್ಪಿದರೂ ಡಿಕೋಡರನ್ನು ನಡೆಸುವ ಕೀಪ್ ಅಲೈವ್ ಇದ್ದರೆ ಅದನ್ನು ಬಿಡಿಸಿ ಓದಿ. ಇಲ್ಲವಾದರೆ ಮುಖ್ಯ ಹಳಿಯ ಮೇಲೆಯೇ ಪ್ರೋಗ್ರಾಂ ಮಾಡಿ.

ಈಗ ಸದ್ದಿಗೆ ಬರೋಣ. ಪೂರ್ತಿ ಮೌನವಾಗಿದ್ದರೆ ಕಂಟ್ರೋಲರಿನ ಎಫ್8 ಗುಂಡಿ ಒತ್ತಿ ನೋಡಿ. ಅನೇಕ ಡಿಕೋಡರುಗಳಲ್ಲಿ ಸದ್ದಿನ ಬಾಗಿಲು ಅದೇ. ಆಮೇಲೆ ಒಟ್ಟು ಧ್ವನಿಮಟ್ಟದ ಸಿವಿ ನೋಡಿ, ಅದು ಡಿಕೋಡರಿನಿಂದ ಡಿಕೋಡರಿಗೆ ಬೇರೆ: ಲೋಕ್‌ಸೌಂಡ್‌ನಲ್ಲಿ ಅದು 63, ಸುನಾಮಿ 2ರಲ್ಲಿ 128. ಎರಡೂ ಸರಿಯಿದ್ದರೆ ಸ್ಪೀಕರಿನ ತಂತಿಯನ್ನು ಡಿಕೋಡರಿನಿಂದ ಬಿಡಿಸಿ 1.5 ವೋಲ್ಟಿನ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ. ಟಕ್ ಎಂದರೆ ಸ್ಪೀಕರ್ ಬದುಕಿದೆ.

ಸದ್ದು ಇದ್ದೂ ಡಬ್ಬದೊಳಗೆ ಮಾತಾಡಿದಂತಿದ್ದರೆ, ಇಲ್ಲವೆ ಕೀರಲಾಗಿದ್ದರೆ, ಸ್ಪೀಕರಿನ ಹಿಂದೆ ಮುಚ್ಚಿದ ಗೂಡು ಇದೆಯೇ ನೋಡಿ. ಗೂಡಿಲ್ಲದಿದ್ದರೆ ಹಿಂಬದಿಯ ಅಲೆ ಮುಂಬದಿಯ ಅಲೆಯನ್ನೇ ನುಂಗಿ ಗಂಭೀರ ಧ್ವನಿ ಮಾಯವಾಗುತ್ತದೆ. ಗರಗರ ಸದ್ದಿಗೆ ಮೈಕವಚದ ಸಡಿಲವೂ ಅತಿಯಾದ ಧ್ವನಿಮಟ್ಟವೂ ಕಾರಣವಾಗುತ್ತವೆ. ಮಟ್ಟ ಇಳಿಸಿದರೆ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ, ಪುಟ್ಟ ಕೋಣೆಯಲ್ಲಿ ಅಷ್ಟು ಸದ್ದು ಬೇಕಾಗಿಯೂ ಇಲ್ಲ. ಎರಡು 8 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ; ಡಿಕೋಡರ್ ಅದನ್ನು ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳದೆ ಜೋಡಿಸಬೇಡಿ. ಓಡುತ್ತಿರುವಾಗ ಸದ್ದು ನಿಂತು ಮತ್ತೆ ಎಂಜಿನ್ ಚಾಲೂ ಮಾಡುವ ಸದ್ದಿನಿಂದ ಆರಂಭವಾದರೆ ಅದು ಸದ್ದಿನ ದೋಷವಲ್ಲ, ವಿದ್ಯುತ್ ಕಡಿತ. ಮತ್ತೆ ಹಳಿ ಒರೆಸಿ. ಉಗಿ ಎಂಜಿನ್ನಿನ ಛುಕ್ ಛುಕ್ ಚಕ್ರಕ್ಕೆ ಹೊಂದದಿದ್ದರೆ ಎಣಿಸಿ ಸರಿಪಡಿಸಿ: ಎರಡು ಸಿಲಿಂಡರಿನ ಎಂಜಿನ್ ಚಕ್ರದ ಸುತ್ತಿಗೆ ನಾಲ್ಕು ಬಾರಿ ಉಸಿರು ಬಿಡುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ರೀಸೆಟ್. ಅದಕ್ಕೂ ಮೊದಲು ಸಿವಿ 8 ಓದಿ ತಯಾರಕರನ್ನು ಗುರುತಿಸಿ: 151 ಬಂದರೆ ಇಎಸ್‌ಯು, 141 ಬಂದರೆ ಸೌಂಡ್‌ಟ್ರಾಕ್ಸ್, 145 ಬಂದರೆ ಝಿಮೊ. ಈಗಿನ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಅನೇಕ ಡಿಕೋಡರುಗಳಲ್ಲಿ ಅದೇ ಸಿವಿ 8ಕ್ಕೆ 8 ಎಂದು ಬರೆದರೆ ಕಾರ್ಖಾನೆಯ ಸ್ಥಿತಿ ಮರಳುತ್ತದೆ. ಎಂಜಿನ್ನಿನ ವಿಳಾಸ ಮತ್ತೆ 3 ಆಗಿರುವುದರಿಂದ ಆ ವಿಳಾಸದ ಬೇರೆ ಎಂಜಿನ್ ಹಳಿಯ ಮೇಲಿದ್ದರೆ ಮೊದಲು ಅದನ್ನು ಎತ್ತಿಟ್ಟು, ನಂತರ ಕಂಟ್ರೋಲರಿನ ಗುಂಡಿಯನ್ನು ಮೆಲ್ಲಗೆ ತಿರುಗಿಸಿ.