ಮಂಡ್ಯದ ಅರ್ಜಿ ಬ್ರಸೆಲ್ಸ್‌ಗೆ ಮುಟ್ಟಿಸುವುದು ಹೇಗೆ?

ಬೆಲ್ಲದ ರೇಟು ಬಿದ್ದರೆ ಯಾರ ಬಾಗಿಲು ತಟ್ಟಬೇಕು ಅಂತ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಆದರೆ ಬೆಲ್ಲದ ನಿಯಮ ಐರೋಪ್ಯ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ತಯಾರಾದರೆ? ಮೈಸೂರು ಹೆದ್ದಾರಿ ತಡೆದರೆ ಅವರಿಗೆ ಕೇಳಿಸುವುದಿಲ್ಲ ಅಲ್ವಾ. ಅಲ್ಲಿಗೇ ಹೋಗಿ ಕೂಗಿದ್ದೂ ಉಂಟು. 1999ರಲ್ಲಿ ಪ್ರೊ. ನಂಜುಂಡಸ್ವಾಮಿಯವರ ಜೊತೆ ರೈತ ಸಂಘದ ನೂರಾರು ಜನ ಯುರೋಪಿನ ಬೀದಿಗಿಳಿದಿದ್ದರು. ಇಲ್ಲಿ ಹೇಳುತ್ತಿರುವುದು ಒಳಗಿನ ದಾರಿ.

ಮೊದಲು ಫೈಲು ಎಲ್ಲಿದೆ ನೋಡಿ. ಐರೋಪ್ಯ ಒಕ್ಕೂಟದಲ್ಲಿ ಕಾನೂನಿನ ಕರಡು ಬರೆಯುವುದು ಆಯೋಗ. ತಿದ್ದಿ ಒಪ್ಪುವುದು ಪಾರ್ಲಿಮೆಂಟು ಮತ್ತು ಸದಸ್ಯ ದೇಶಗಳ ಮಂತ್ರಿ ಮಂಡಳಿ. ಆಯೋಗದಲ್ಲಿರುವಾಗಲೇ ಬಾಯಿಬಿಟ್ಟರೆ ಕೆಲಸ ಹಗುರ.

ಫ್ರಾನ್ಸಿನ ರೈತ ಸಂಘವೊಂದು ಎರಡೂ ಕಡೆ ಕಾಲಿಡುತ್ತದೆ. ಪ್ಯಾರಿಸ್‌ನಲ್ಲಿ ತನ್ನ ಕೃಷಿ ಮಂತ್ರಿಯ ಬೆನ್ನು ಹತ್ತುತ್ತದೆ. ಬ್ರಸೆಲ್ಸ್‌ನಲ್ಲಿ ಕೋಪಾ-ಕೊಜೆಕಾ ಎಂಬ ರೈತರ, ಸಹಕಾರ ಸಂಘಗಳ ಕೂಟದ ಮೂಲಕ ಹೋಗುತ್ತದೆ. ಒಬ್ಬ ಮಂತ್ರಿ ಒಪ್ಪಿದರೆ ಸಾಲದು. ಮಂಡಳಿಯಲ್ಲಿ ಹೆಚ್ಚಿನ ವಿಷಯಗಳಿಗೆ 27 ದೇಶಗಳಲ್ಲಿ 15 ಬೇಕು, ಅವುಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನ ಇರಬೇಕು.

ನಮಗೆ ಅಲ್ಲಿ ಮಂತ್ರಿಯಿಲ್ಲ, ಆದರೆ ಬಾಗಿಲು ಮುಚ್ಚಿಲ್ಲ. ಆಯೋಗದ ಜಾಲತಾಣದಲ್ಲಿ ಹೊರದೇಶದವರೂ ಅಭಿಪ್ರಾಯ ಹಾಕಬಹುದು. ಇನ್ನೊಂದು ದಾರಿ ದೆಹಲಿಯದು. ಹೊಸ ಆಹಾರ ನಿಯಮವನ್ನು ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ತಿಳಿಸಿದ ಮೇಲೆ ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಇರುತ್ತದೆ. ಅಲ್ಲಿ ಮಾತಾಡುವುದು ಸರ್ಕಾರ ಮಾತ್ರ. ಹಾಗಾಗಿ ನಿಮ್ಮ ಕಾಗದ ವಾಣಿಜ್ಯ ಸಚಿವಾಲಯಕ್ಕೆ, ಕೃಷಿ ರಫ್ತು ನೋಡಿಕೊಳ್ಳುವ ಅಪೆಡಾಕ್ಕೆ ಬೇಗ ಹೋಗಬೇಕು. ‘ಇಪಿಂಗ್’ ತಾಣದಲ್ಲಿ ಹೆಸರು ಬರೆಸಿದರೆ ಹೊಸ ನಿಯಮಗಳ ಸುದ್ದಿ ಇಮೇಲ್‌ಗೇ ಬರುತ್ತದೆ, ದುಡ್ಡಿಲ್ಲ.

ಇನ್ನು ಅರ್ಜಿ. ಎರಡು ಪುಟ ಸಾಕು. ‘ರೈತ ದೇಶದ ಬೆನ್ನೆಲುಬು’ ಎಂಬ ಪೀಠಿಕೆ ದಯವಿಟ್ಟು ಬೇಡ. ಯಾವ ಕಲಂ, ಯಾವ ಪದ, ಅದರ ಬದಲು ಏನಿರಬೇಕು ಎಂದು ಬರೆಯಿರಿ. ಬೆಲ್ಲದಲ್ಲಿನ ಗಂಧಕದ ಮಿತಿ ಇಳಿಸುತ್ತಾರೆ ಅಂದುಕೊಳ್ಳಿ. ಬಣ್ಣ ತಿಳಿಯಾಗಲು ಬಳಸುವ, ಗಂಧಕ ಉಳಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಹಳದಿ ಅಚ್ಚು, ಹಾಕದ ಕಂದು ಅಚ್ಚು, ಎರಡರ ಲ್ಯಾಬ್ ರಿಪೋರ್ಟೂ ಲಗತ್ತಿಸಿ. ಹೈಡ್ರೋಸ್ ಬಿಟ್ಟರೆ ಬಣ್ಣ ಎಷ್ಟು ಕಪ್ಪಾಗುತ್ತದೆ, ಮಂಡಿಯಲ್ಲಿ ಕ್ವಿಂಟಲ್‌ಗೆ ಎಷ್ಟು ಕಡಿಮೆ ಸಿಗುತ್ತದೆ, ಆಲೆಮನೆಯವರಿಗೆ ಹೊಂದಿಕೊಳ್ಳಲು ಎಷ್ಟು ತಿಂಗಳು ಬೇಕು ಎಂಬ ಲೆಕ್ಕವೂ ಇರಲಿ. ಅಲ್ಲಿನ ಅಧಿಕಾರಿ ಆಲೆಮನೆ ಕಂಡವನಲ್ಲ. ಅವನಿಗೆ ಬೇಕಾದ್ದು ಇದೇ.

ಯುರೋಪಿನ ಆಯುಕ್ತರನ್ನೇ ಕಾಣಬೇಕಾದರೆ ಪಾರದರ್ಶಕತೆ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. 2011ರಿಂದ ಇದು ಆಯೋಗಕ್ಕೂ ಪಾರ್ಲಿಮೆಂಟಿಗೂ ಒಂದೇ. ಲಾಬಿಗೆ ಯಾರು ಎಷ್ಟು ಖರ್ಚು ಮಾಡಿದರು ಎಂಬುದನ್ನೂ ಅಲ್ಲಿ ಯಾರು ಬೇಕಾದರೂ ನೋಡಬಹುದು. ವಿಧಾನಸೌಧದ ಬಾಗಿಲಲ್ಲೂ ಅಂಥದ್ದೊಂದು ಪುಸ್ತಕ ಇದ್ದಿದ್ದರೆ ಅಂತ ಸುಮ್ನೆ ಒಮ್ಮೆ ಅನ್ನಿಸಿತು.