ವಿಂಡೋಸ್ ಬಿಟ್ಟು ಲಿನಕ್ಸ್‌ಗೆ: ಡ್ರೈವರ್ ಹುಡುಕಿಕೊಂಡು ಅಲೆಯಬೇಡಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪ್ ಹಿಡಿದುಕೊಂಡು ತುಂಬಾ ಜನ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಕಡೆ ಬರುತ್ತಿದ್ದಾರೆ. ಬಂದವರಲ್ಲಿ ಎಷ್ಟೋ ಮಂದಿ ಒಂದೇ ವಾರದಲ್ಲಿ ವಾಪಸ್ ಹೋಗುವುದನ್ನೂ ನೋಡಿದ್ದೇನೆ. ಇನ್‌ಸ್ಟಾಲ್ ಕಷ್ಟವಾಯಿತೆಂದಲ್ಲ. ವಿಂಡೋಸ್ ಅಭ್ಯಾಸದಲ್ಲಿ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ (ವೈಫೈ, ಪ್ರಿಂಟರ್‌ನಂಥವನ್ನು ನಡೆಸುವ ತಂತ್ರಾಂಶ) ಇಳಿಸಿ ಹಾಕಲು ಹೋಗಿ ಸಿಸ್ಟಮ್ ಕೆಡಿಸಿಕೊಂಡದ್ದರಿಂದ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಎಂಬ ಸಿಸ್ಟಮ್‌ನ ತಿರುಳಿನ ಒಳಗೇ ಬರುತ್ತವೆ. ಇದು ಮನಸ್ಸಿನಲ್ಲಿದ್ದರೆ ಅರ್ಧ ತಲೆನೋವು ಕಡಿಮೆ.

ಲಿನಕ್ಸ್‌ನಲ್ಲಿ ಬಗೆಗಳು ಹಲವು. ಯಾವುದನ್ನು ಆರಿಸಬೇಕು? ಲಿನಕ್ಸ್ ಮಿಂಟ್, ಅದರಲ್ಲೂ ಸಿನಮನ್ ಆವೃತ್ತಿ. ಹೊಸಬರಿಗೆ ನಾನು ಬೇರೆ ಹೆಸರು ಹೇಳುವುದೇ ಇಲ್ಲ. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು.

ವಿಂಡೋಸ್ ಇರುವಾಗಲೇ ಮಾಡಿ

ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಈಗಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಅನ್ನು ಕಾಗದದ ಮೇಲೆ ಬರೆದಿಡಿ. ವಿಂಡೋಸ್‌ಗೆಂದೇ ಇರುವ ಟ್ಯಾಲಿ ಲೆಕ್ಕದ ತಂತ್ರಾಂಶ ಬಳಸುವವರು ವಿಂಡೋಸ್ ಅಳಿಸಬೇಡಿ, ಪಕ್ಕದಲ್ಲೇ ಇಟ್ಟುಕೊಳ್ಳಿ. ಎರಡೂ ಇರುವುದಾದರೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಆಮೇಲೆ 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಮಿಂಟ್ ಬರೆದು, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ (ಶುರು ಮಾಡಿ).

ಇನ್‌ಸ್ಟಾಲ್‌ಗೆ ಮೊದಲು ಪರೀಕ್ಷೆ

ಪೆನ್‌ಡ್ರೈವ್‌ನಿಂದ ಮಿಂಟ್ ತೆರೆದುಕೊಂಡಾಗ ಡಿಸ್ಕ್‌ನಲ್ಲಿ ಇನ್ನೂ ಏನೂ ಬದಲಾಗಿರುವುದಿಲ್ಲ. ಆಗಲೇ ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ನೋಡಿ. ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಎಚ್ಚರಾಗುತ್ತದೆಯೇ ಎಂದೂ ನೋಡಿ. ಪರದೆ ಕಪ್ಪಾಗಿ ನಿಂತರೆ ಬೂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಎಲ್ಲ ಸರಿ ಇದ್ದರೆ ಇನ್‌ಸ್ಟಾಲ್ ಮಾಡಿ. ಅದರಲ್ಲಿ ವಿವರಿಸುವಂಥದ್ದೇನೂ ಇಲ್ಲ, ಮಲ್ಟಿಮೀಡಿಯಾ ಕೋಡೆಕ್ಸ್ (ವಿಡಿಯೊ, ಹಾಡು ನಡೆಯಲು ಬೇಕಾದವು) ಅನ್ನೋ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯದಿದ್ದರೆ ಸಾಕು.

ಡ್ರೈವರ್: ಇಲ್ಲಿ ನಿಧಾನ

ವೈಫೈ ಬರದಿದ್ದರೆ ಗಾಬರಿ ಬೇಡ. ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ವೈಫೈ ಡ್ರೈವರ್ ಬೇಕಿಲ್ಲ, ಇಂಟರ್ನೆಟ್ ಬಂದುಬಿಡುತ್ತದೆ. ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಮುಗಿಸಿ, ರೀಸ್ಟಾರ್ಟ್ ಮಾಡಿ. ನಂತರ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ (ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ಸಿಸ್ಟಮ್‌ನ ಪ್ರತಿ) ತೆಗೆದಿಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಈಗ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇದ್ದರೆ ಬಹುಪಾಲು ಪಟ್ಟಿ ಖಾಲಿ ಇರುತ್ತದೆ. ಖಾಲಿ ಇದ್ದರೆ ಒಳ್ಳೆಯದೇ, ಡ್ರೈವರ್ ಆಗಲೇ ಕೆಲಸ ಮಾಡುತ್ತಿದೆ ಎಂದರ್ಥ. ಎನ್‌ವಿಡಿಯಾ ಇದ್ದರೆ ಹಲವು ನಂಬರ್‌ಗಳು ಕಾಣುತ್ತವೆ. ರೆಕಮೆಂಡೆಡ್ ಎಂದು ಬರೆದದ್ದನ್ನೇ ಆರಿಸಿ. ದೊಡ್ಡ ನಂಬರ್ ಎಂದರೆ ಜಾಸ್ತಿ ಒಳ್ಳೆಯದು ಅಂತಲ್ಲ. ಎನ್‌ವಿಡಿಯಾ ಸೈಟಿನ ಡಾಟ್ ರನ್ (.run) ಇನ್‌ಸ್ಟಾಲರ್ ಫೈಲ್ ಅಂತೂ ಬೇಡವೇ ಬೇಡ. ಅದು ಮಿಂಟ್‌ನ ಅಪ್‌ಡೇಟ್ ವ್ಯವಸ್ಥೆಯ ಹೊರಗೆ ಉಳಿಯುತ್ತದೆ, ಕರ್ನಲ್ ಬದಲಾದ ದಿನ ಪರದೆಯೇ ಬರದೆ ಹೋಗಬಹುದು.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಸೌಲಭ್ಯ) ಆನ್ ಇದ್ದವರೇ, ಇದನ್ನು ಎರಡು ಸಲ ಓದಿ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಮಾಡಿಕೊಳ್ಳಲು ಕೇಳುತ್ತದೆ. ಕೋಡೆಕ್ಸ್‌ಗೆ ಟಿಕ್ ಹಾಕಿದ್ದರೆ ಇನ್‌ಸ್ಟಾಲ್ ವೇಳೆಯಲ್ಲೇ ಕೇಳಬಹುದು. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಮುಂದಿನ ಬೂಟ್‌ನಲ್ಲಿ ಒಂದೇ ಸಲ ಬೇಕಾಗುವಂಥದ್ದು. ಸರಳವಾದದ್ದು ಕೊಟ್ಟು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅದು ಕೆಲವೇ ಸೆಕೆಂಡ್ ಕಾಯುತ್ತದೆ, ತಕ್ಷಣ ಯಾವುದಾದರೂ ಕೀ ಒತ್ತಿ. ಎನ್‌ರೋಲ್ ಮೋಕ್ (Enroll MOK, ಡ್ರೈವರ್‌ನ ಸಹಿಯ ಕೀ ನೋಂದಾಯಿಸುವುದು), ಕಂಟಿನ್ಯೂ, ಎಸ್ (Yes), ಪಾಸ್‌ವರ್ಡ್, ರೀಬೂಟ್. ಕ್ರಮ ಇಷ್ಟೇ.

ಬಹಳ ಜನ ಎಡವುವುದು ಇಲ್ಲೇ. ನೀಲಿ ಬಣ್ಣ ನೋಡಿ ವಿಂಡೋಸ್‌ನ ಕ್ರ್ಯಾಶ್ ನೆನಪಾಗಿ ಪವರ್ ಬಟನ್ ಒತ್ತುತ್ತಾರೆ, ಇಲ್ಲವೇ ಸುಮ್ನೆ ಕಂಟಿನ್ಯೂ ಬೂಟ್ ಒತ್ತಿ ಮುಂದೆ ಹೋಗುತ್ತಾರೆ. ಆಮೇಲೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ತಪ್ಪಿಹೋದರೆ ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್‌ಗೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಸುಲಭದ ದಾರಿ. ಪಕ್ಕದಲ್ಲಿ ವಿಂಡೋಸ್ ಇದ್ದರೆ ಅದು ಬಿಟ್‌ಲಾಕರ್ ಕೀ ಕೇಳಬಹುದು, ಅದಕ್ಕೇ ಬರೆದಿಡಿ ಎಂದದ್ದು.

ಬ್ರಾಡ್‌ಕಾಮ್ ವೈಫೈ ಇರುವ ಹಳೆಯ ಲ್ಯಾಪ್‌ಟಾಪ್‌ಗಳಿಗೂ ಡ್ರೈವರ್ ಇದೇ ಪಟ್ಟಿಯಲ್ಲಿ ಸಿಗುತ್ತದೆ. ಅಗ್ಗದ ವೈಫೈ ಡಾಂಗಲ್ ಕೊಳ್ಳುವಾಗ ಡಬ್ಬಿಯ ಮೇಲಿನ 'ಲಿನಕ್ಸ್ ಸಪೋರ್ಟ್' ಮಾತನ್ನು ನಂಬಬೇಡಿ. ಎಷ್ಟೋ ಸಲ ಜೊತೆಗೆ ಬರುವ ಡ್ರೈವರ್ ಈಗಿನ ಕರ್ನಲ್‌ನಲ್ಲಿ ಕಂಪೈಲ್ ಕೂಡ ಆಗುವುದಿಲ್ಲ. ಒಳಗಿನ ಚಿಪ್ ಯಾವುದು ಎಂದು ತಿಳಿದೇ ಕೊಳ್ಳಿ.

ಎಚ್‌ಪಿ ಪ್ರಿಂಟರ್‌ಗಳು ಹೆಚ್ಚಾಗಿ ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಗೆ ಕ್ಯಾಪ್ಟ್ ಅನ್ನೋ ಬೇರೆ ಡ್ರೈವರ್ ಬೇಕು, ಅದಕ್ಕೆ ಒಂದು ಸಂಜೆ ಮೀಸಲಿಡಿ.

ಲ್ಯಾಪ್‌ಟಾಪ್ ತೀರಾ ಹೊಸದಾಗಿದ್ದು ಸೌಂಡ್ ಅಥವಾ ವೈಫೈ ಬರದಿದ್ದರೆ ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ತೆರೆದು ಹೊಸ ಕರ್ನಲ್ ಹಾಕಿ ನೋಡಿ. ಅದು ಸರಿಬರದಿದ್ದರೆ ಬೂಟ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಇದ್ದೇ ಇರುತ್ತದೆ, ಅದನ್ನೇ ಆರಿಸಿಕೊಳ್ಳಿ.